ಸುಣ್ಣದಲ್ಲಿ ಬೆಂದ ಜೋಳ: ಪುಪುಸಾ ಬಗೆಗಿನ ತಪ್ಪು ತಿಳಿವಳಿಕೆಗಳು

ಎಲ್ ಸಾಲ್ವಡಾರ್ ಮಧ್ಯ ಅಮೆರಿಕದ ಅತಿ ಚಿಕ್ಕ ದೇಶ. ವಿಸ್ತೀರ್ಣ ಸುಮಾರು 21,000 ಚದರ ಕಿಲೋಮೀಟರ್. ಅಲ್ಲಿನ ಶಾಸನಸಭೆ 2005ರಲ್ಲಿ ಒಂದು ತಿಂಡಿಯನ್ನು ರಾಷ್ಟ್ರೀಯ ಖಾದ್ಯವೆಂದು ಘೋಷಿಸಿತು. ನವೆಂಬರ್ ತಿಂಗಳ ಎರಡನೇ ಭಾನುವಾರವನ್ನು ಅದರ ದಿನವೆಂದೂ ಗೊತ್ತುಮಾಡಿತು. ಆ ತಿಂಡಿಯೇ ಪುಪುಸಾ: ಅಂಗೈಯಗಲದ ದಪ್ಪನೆಯ ಮೆಕ್ಕೆಜೋಳದ ರೊಟ್ಟಿ, ಹೊಟ್ಟೆಯೊಳಗೆ ಚೀಸು, ಬೇಯಿಸಿ ಅರೆದ ಕಾಳು ಅಥವಾ ಮಾಂಸ. 1980ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಲಕ್ಷಾಂತರ ಜನ ಊರು ಬಿಟ್ಟು ಅಮೆರಿಕ ಸೇರಿದರು. ಅವರ ಜೊತೆ ಪುಪುಸಾ ಲಾಸ್ ಏಂಜಲಿಸ್, ವಾಷಿಂಗ್ಟನ್, ಹ್ಯೂಸ್ಟನ್‌ಗಳ ಬೀದಿಗೂ ಬಂತು. ಈಗ ವಿಡಿಯೊ ನೋಡಿಕೊಂಡು ಮನೆಯಲ್ಲೇ ಮಾಡುವವರು ಹಲವು ದೇಶಗಳಲ್ಲಿ ಇದ್ದಾರೆ.

ಹಾಗೆ ಮಾಡಹೊರಟವರ ಗಮನವೆಲ್ಲ ಒಳಗೆ ತುಂಬುವುದರ ಮೇಲೆಯೇ ಇರುತ್ತದೆ. ಯಾವ ಚೀಸು, ಯಾವ ಕಾಳು, ಎಷ್ಟು ಮಸಾಲೆ? ರೊಟ್ಟಿ ಮಾತ್ರ ಕಾವಲಿಗೆ ಬೀಳುವ ಮುಂಚೆಯೇ ಬಿರುಕು ಬಿಟ್ಟು ಕೈಯಲ್ಲೇ ಒಡೆಯುತ್ತದೆ. ಕೆಟ್ಟದ್ದು ಎಲ್ಲಿ ಎಂದು ನೋಡಿದರೆ ಹತ್ತಕ್ಕೆ ಒಂಬತ್ತು ಸಲ ಹಿಟ್ಟಿನಲ್ಲಿ.

“ಜೋಳದ ಹಿಟ್ಟು ಯಾವುದಾದರೇನು?”

ಇಲ್ಲಿಂದಲೇ ಎಡವಟ್ಟು ಶುರು. ನಮ್ಮ ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವ ನುಣುಪಾದ ಬಿಳಿ ಪುಡಿ ಜೋಳದ ಹಿಟ್ಟೇ ಅಲ್ಲ, ಜೋಳದಿಂದ ತೆಗೆದ ಬರಿಯ ಪಿಷ್ಟ. ಗೋಬಿ ಮಂಚೂರಿಗೆ, ಸೂಪು ಗಟ್ಟಿ ಮಾಡುವುದಕ್ಕೆ ಅದು ಸರಿ. ಗಿರಣಿಯಲ್ಲಿ ಬೀಸಿದ ಮೆಕ್ಕೆಜೋಳದ ಹಿಟ್ಟು ಇದಕ್ಕಿಂತ ವಾಸಿ, ಆದರೆ ಅದೂ ಸಾಲದು. ಬಿಸಿನೀರಲ್ಲಿ ಕಲಸಿ ತೆಳ್ಳಗೆ ತಟ್ಟಬಹುದು. ಒಳಗೆ ಏನಾದರೂ ತುಂಬಿ ಮುಚ್ಚಲು ಹೋದರೆ ಅಂಚು ಸೀಳುತ್ತದೆ. ಪುಪುಸಾಕ್ಕೆ ಬೇಕಾದದ್ದು ಮೂರನೆಯದು: ಒಣ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ಅರೆದ ಮುದ್ದೆ. ಸ್ಪ್ಯಾನಿಷ್ ನುಡಿಯವರು ಅದನ್ನು ಮಾಸಾ ಎನ್ನುತ್ತಾರೆ. ಇದನ್ನೇ ಒಣಗಿಸಿ ಪುಡಿ ಮಾಡಿದರೆ ಮಾಸಾ ಹಾರಿನಾ. ಡಬ್ಬಿಯ ಮೇಲೆ ಆ ಹೆಸರಿಲ್ಲದ ಹಿಟ್ಟನ್ನು ತಂದು ಪುಪುಸಾ ಮಾಡಲು ಕೂರುವುದು ಸಮಯ ಹಾಳುಮಾಡಿಕೊಂಡಂತೆ.

ಸುಣ್ಣ ಮಾಡುವ ಕೆಲಸ ಒಂದೆರಡಲ್ಲ. ಕಾಳಿನ ಹೊರಸಿಪ್ಪೆಯನ್ನು ಹಿಡಿದಿಟ್ಟಿರುವ ಅಂಟುಪದಾರ್ಥ ಕ್ಷಾರದಲ್ಲಿ ಕರಗುವುದರಿಂದ ಸಿಪ್ಪೆ ಉಜ್ಜಿದರೆ ಜಾರಿ ಬರುತ್ತದೆ. ಒಳಗಿನ ಪಿಷ್ಟ ಅರೆಬರೆ ಬೆಂದು ಅಂಟು ಪಡೆಯುತ್ತದೆ. ಸುಣ್ಣದ ಕ್ಯಾಲ್ಸಿಯಂ ಕಾಳಿಗೆ ಸೇರುತ್ತದೆ. ಮಾಸಾದಿಂದಲೇ ಮಾಡುವ ಬಿಸಿ ಟೋರ್ಟಿಯಾ, ತಮಾಲೆಗಳಿಂದ ಹೊಮ್ಮುವ ಆ ವಿಶಿಷ್ಟ ಘಮವೂ ಇದರದೇ. ಮೆಕ್ಕೆಜೋಳದಲ್ಲಿ ಗೋಧಿಯ ಹಾಗೆ ಹಿಗ್ಗುವ ಗ್ಲುಟೆನ್ ಇಲ್ಲ. ಹಿಟ್ಟು ಒಡೆಯದೆ ಹೂರಣವನ್ನು ಹೊರುವುದು ಸುಣ್ಣದ ಕೃಪೆಯಿಂದ.

ರುಚಿ, ಅಂಟುಗಳಿಗಿಂತ ದೊಡ್ಡ ಕಥೆ ಇನ್ನೊಂದಿದೆ. ಮೆಕ್ಕೆಜೋಳದ ನಯಾಸಿನ್ ಎಂಬ ಬಿ ವಿಟಮಿನ್ ಬಹುಪಾಲು ದೇಹಕ್ಕೆ ದಕ್ಕದಂಥ ರೂಪದಲ್ಲಿ ಕಟ್ಟುಬಿದ್ದಿರುತ್ತದೆ. ಸುಣ್ಣದಲ್ಲಿ ಬೇಯಿಸಿದಾಗ ಆ ಕಟ್ಟು ಬಿಚ್ಚುತ್ತದೆ. ಅಮೆರಿಕ ಖಂಡದಿಂದ ಜೋಳವನ್ನು ಯುರೋಪಿಗೆ ಒಯ್ದವರು ಕಾಳನ್ನು ಒಯ್ದರೇ ಹೊರತು ಸುಣ್ಣದ ಪದ್ಧತಿಯನ್ನು ಒಯ್ಯಲಿಲ್ಲ. ಜೋಳವನ್ನೇ ನೆಚ್ಚಿ ಬದುಕಿದ ಬಡವರಲ್ಲಿ ಚರ್ಮ ಸುಲಿದು, ಭೇದಿ ಹತ್ತಿ, ಕೊನೆಗೆ ಬುದ್ಧಿಯೂ ಕೆಡುವ ಕಾಯಿಲೆ ಕಾಣಿಸಿಕೊಂಡಿತು. ಸ್ಪೇನಿನ ಅಸ್ತೂರಿಯಾಸ್ ಪ್ರಾಂತದ ವೈದ್ಯ ಗಾಸ್ಪರ್ ಕಸಾಲ್ 1735ರ ಹೊತ್ತಿಗೆ ಅದನ್ನು ಬಣ್ಣಿಸಿದ. ಇಟಲಿಯಲ್ಲಿ ಅದಕ್ಕೆ ಪೆಲಾಗ್ರಾ ಎಂಬ ಹೆಸರು ಬಿತ್ತು. ಇದು ಸೋಂಕಲ್ಲ, ಊಟದ ಕೊರತೆಯಿಂದ ಬರುವ ರೋಗ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ತೋರಿಸಿಕೊಟ್ಟದ್ದು 1914ರ ನಂತರ. ಕೊರತೆ ಯಾವುದರದೆಂದು ಖಚಿತವಾದದ್ದು 1937ರಲ್ಲಿ. ಇಷ್ಟೆಲ್ಲ ಆಗುತ್ತಿದ್ದಾಗ ಮಧ್ಯ ಅಮೆರಿಕದ ಹೆಂಗಸರು ತಮ್ಮ ಪಾಡಿಗೆ ತಾವು ಜೋಳದ ಹಂಡೆಗೆ ಸುಣ್ಣ ಹಾಕುತ್ತಲೇ ಇದ್ದರು.

ಪೆಲಾಗ್ರಾ ನಮಗೂ ಹೊಸತೇನಲ್ಲ. ದಖ್ಖನ್ನಿನಲ್ಲಿ ಬಿಳಿಜೋಳವನ್ನೇ ಮುಖ್ಯವಾಗಿ ಉಣ್ಣುವ ಬಡವರಲ್ಲಿಯೂ ಅದು ಕಂಡಿತ್ತು. ಹೈದರಾಬಾದಿನ ಪೋಷಣ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಇದಕ್ಕೆ ಬೇರೆಯೇ ಕಾರಣ ಮುಂದಿಟ್ಟರು: ಬಿಳಿಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ. ಆ ವಾದದ ಬಗ್ಗೆ ಚರ್ಚೆ ಬಹಳ ಕಾಲ ನಡೆಯಿತು.

“ಸುಣ್ಣವೆಂದರೆ ವಿಷ, ಮನೆಯಲ್ಲಿ ಆಗುವ ಮಾತಲ್ಲ”

ಎಲೆಯಡಿಕೆಗೆ ಹಚ್ಚುವ ಸುಣ್ಣವೂ ಜೋಳ ಬೇಯಿಸುವ ಸುಣ್ಣವೂ ರಾಸಾಯನಿಕವಾಗಿ ಒಂದೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಬಣ್ಣ, ಪರಿಮಳ ಬೆರೆಸದ ಬಿಳಿ ಸುಣ್ಣವಾದರೆ ಸಾಕು. ಗೋಡೆಗೆ ಬಳಿಯುವುದನ್ನು ಮಾತ್ರ ಮುಟ್ಟಬಾರದು, ಅದರಲ್ಲಿ ಏನೇನು ಸೇರಿರುತ್ತದೋ ಹೇಳಲಾಗದು. ಕಿಲೋ ಒಣ ಜೋಳಕ್ಕೆ 10 ಗ್ರಾಂ ಒಣ ಸುಣ್ಣ, ಮೂರು ಲೀಟರ್ ನೀರು. ಎಲೆಯಡಿಕೆಯ ಸುಣ್ಣದಲ್ಲಿ ನೀರೂ ಇರುವುದರಿಂದ ತುಸು ಹೆಚ್ಚು ಬೇಕು. ಮುಕ್ಕಾಲು ಗಂಟೆ ಸಣ್ಣಗೆ ಕುದಿಸಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಹಳದಿ ನೀರು ಚೆಲ್ಲಿ ಎರಡು ಮೂರು ಬಾರಿ ತೊಳೆಯಬೇಕು. ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ, ಆದ್ದರಿಂದ ಪಾತ್ರೆ ಸ್ಟೀಲಿನದಿರಲಿ. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳುವುದು ಅಗತ್ಯ.

ಹಸಿರು ಸಿಪ್ಪೆಯ ಎಳೆ ತೆನೆ, ಸ್ವೀಟ್ ಕಾರ್ನ್ ಇದಕ್ಕೆ ಬರುವುದಿಲ್ಲ. ಬೇಕಾದದ್ದು ಬಲಿತು ಒಣಗಿದ ಕಾಳು. ದಾವಣಗೆರೆ, ಹಾವೇರಿ ಕಡೆ ಹೊಲಗಟ್ಟಲೆ ಬೆಳೆದು ಹೆಚ್ಚಾಗಿ ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುವ ಗೋವಿನಜೋಳ ಇಂಥದ್ದೇ. ನಿಜವಾದ ತೊಡಕಿರುವುದು ಅರೆಯುವಲ್ಲಿ. ಸಾಲ್ವಡಾರಿನ ಹಳ್ಳಿಗಳಲ್ಲಿ ಬೆಂದ ಜೋಳವನ್ನು ಬೆಳಗಾಗುವ ಮುನ್ನ ಬೀದಿಯ ಗಿರಣಿಗೆ ಒಯ್ದು ಹಸಿಯಾಗಿಯೇ ಬೀಸಿಸಿಕೊಂಡು ಬರುತ್ತಾರೆ. ಮಿಕ್ಸಿ ತಿರುಗಬೇಕಾದರೆ ನೀರು ಬೇಕು, ನೀರು ಹೆಚ್ಚಾದರೆ ಮುದ್ದೆ ಸಡಿಲ. ಒಂದು ಹಿಡಿ ಒಣ ಮಾಸಾ ಪುಡಿ ಬೆರೆಸಿ ಸರಿಪಡಿಸುವುದು ಸುಲಭದ ದಾರಿ. ಇಷ್ಟು ರಗಳೆ ಬೇಡ ಎನ್ನುವವರು ಪೊಟ್ಟಣದ ಮಾಸಾ ಹಾರಿನಾ ಬಳಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೊರದೇಶದಲ್ಲಿರುವ ಸಾಲ್ವಡಾರಿನವರಲ್ಲಿ ಹೆಚ್ಚಿನವರೂ ಮಾಡುವುದು ಅದನ್ನೇ. ಎರಡು ಕಪ್ ಪುಡಿಗೆ ಒಂದೂವರೆ ಕಪ್‌ಗಿಂತ ತುಸು ಹೆಚ್ಚು ಬೆಚ್ಚನೆಯ ನೀರು, ಚಿಟಿಕೆ ಉಪ್ಪು. ಕಲಸಿ ಕಾಲು ಗಂಟೆ ಮುಚ್ಚಿಟ್ಟು, ಉಂಡೆಯನ್ನು ಒತ್ತಿ ನೋಡಿ: ಅಂಚು ಬಿರಿದರೆ ಇನ್ನೂ ಒಂದು ಚಮಚ ನೀರು.

“ಸಾವಿರಾರು ವರ್ಷಗಳಿಂದ ಹೀಗೇ ಇದೆ”

ಪ್ರವಾಸೋದ್ಯಮದವರು ಮೆಚ್ಚುವ ಮಾತಿದು. ಪುರಾವೆಗೆ ಹೋಯಾ ದೆ ಸೆರೆನ್ ಊರನ್ನು ಹೆಸರಿಸುತ್ತಾರೆ. ಸುಮಾರು ಕ್ರಿ.ಶ. 600ರಲ್ಲಿ ಲೋಮಾ ಕಾಲ್ದೆರಾ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಹಳ್ಳಿ ಅದು. 1976ರಲ್ಲಿ ಬುಲ್ಡೋಜರ್ ಕೆಲಸದ ವೇಳೆ ಬಯಲಾಗಿ, 1993ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿತು. ಜನ ಅಡುಗೆಯ ಸಾಮಾನನ್ನು ಇದ್ದಲ್ಲೇ ಬಿಟ್ಟು ಓಡಿದ್ದರಿಂದ ಆ ಕಾಲದ ರೈತರು ಜೋಳ, ಬೀನ್ಸ್, ಕುಂಬಳ, ಮರಗೆಣಸು ಬೆಳೆದು ತಿನ್ನುತ್ತಿದ್ದರೆಂಬುದು ಸ್ಪಷ್ಟವಾಗಿ ಗೊತ್ತಾಗಿದೆ.

ಆದರೆ ಆ ಹಳ್ಳಿಯಲ್ಲಿ ದನವಿರಲಿಲ್ಲ, ಹಂದಿಯಿರಲಿಲ್ಲ, ಎಲೆಕೋಸೂ ಇರಲಿಲ್ಲ. ಅವು ಬಂದದ್ದು ಸ್ಪೇನಿನವರ ಜೊತೆ, ಹದಿನಾರನೇ ಶತಮಾನದಲ್ಲಿ. ಅಂದಮೇಲೆ ಇವತ್ತಿನ ಪುಪುಸಾದ ಚೀಸು, ಹಂದಿಮಾಂಸ, ಪಕ್ಕದ ಎಲೆಕೋಸು ಮೂರೂ ಹೊಸ ಸೇರ್ಪಡೆ. ಹಳೆಯದು ಹಿಟ್ಟು, ಕಾಳು, ಕುಂಬಳ, ಸೊಪ್ಪು. ಜೋಳವೂ ಕಡ್ಡಾಯವಲ್ಲ. ರಾಜಧಾನಿ ಸಾನ್ ಸಾಲ್ವಡಾರ್‌ನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯ ಒಲೊಕುಯಿಲ್ತಾ ಊರು ಅಕ್ಕಿಹಿಟ್ಟಿನ ಪುಪುಸಾಕ್ಕೆ ಹೆಸರುವಾಸಿ. ಬಣ್ಣ ಬಿಳುಪು, ಅಂಚು ಗರಿಗರಿ. ರಜಾದಿನ ಅಲ್ಲಿ ಸಾಲು ನಿಲ್ಲುವವರಿಗೆ ಇದು ಅಸಲಿಯೋ ನಕಲಿಯೋ ಎಂಬ ಚಿಂತೆ ಇಲ್ಲ.

“ಮೆಕ್ಸಿಕೋದ ತಿಂಡಿ”

ಅಲ್ಲ. ಮೆಕ್ಸಿಕೋದ ಗೊರ್ದಿತಾವನ್ನು ಸಾಮಾನ್ಯವಾಗಿ ಮೊದಲು ಬೇಯಿಸಿ, ಆಮೇಲೆ ಪಕ್ಕ ಸೀಳಿ ತುಂಬುತ್ತಾರೆ. ವೆನೆಜುವೆಲಾದ ಅರೆಪಾಕ್ಕೆ ಸುಣ್ಣ ಮುಟ್ಟಿಸದ, ಮುಂಚೆಯೇ ಬೇಯಿಸಿ ಒಣಗಿಸಿದ ಹಿಟ್ಟು. ಪುಪುಸಾದಲ್ಲಿ ಹೂರಣ ಹಸಿ ಹಿಟ್ಟಿನೊಳಗೇ ಹೋಗಿ ಅದರ ಜೊತೆಯೇ ಬೇಯುತ್ತದೆ. ಪುಪುಸಾ ನಮ್ಮದೂ ಹೌದು ಎಂದು ತಕರಾರು ತೆಗೆಯುವವರಿದ್ದರೆ ಅವರು ನೆರೆಯ ಹೊಂಡುರಾಸಿನವರು.

“ಮಾಂಸ ತಿನ್ನದವರಿಗೆ ಆಗದು”

ಚಿಚರೋನ್ ಎಂಬ ಹೆಸರು ಕೇಳಿ ಕರಿದ ಹಂದಿಚರ್ಮದ ಚಿಪ್ಸನ್ನು ಪುಡಿ ಮಾಡಿ ತುಂಬುವವರಿದ್ದಾರೆ. ಬೇರೆ ದೇಶಗಳಲ್ಲಿ ಆ ಹೆಸರಿಗೆ ಆ ಅರ್ಥವಿರುವುದೂ ನಿಜ. ಪುಪುಸಾದ ಚಿಚರೋನ್ ಬೇರೆ: ಹಂದಿಮಾಂಸವನ್ನು ಚೆನ್ನಾಗಿ ಬೇಯಿಸಿ ಹುರಿದು, ಟೊಮೆಟೊ, ದೊಣ್ಣೆಮೆಣಸು ಸೇರಿಸಿ ನುಣ್ಣಗೆ ಅರೆದದ್ದು. ಒಳಗೆ ತುಂಬುವ ಎಲ್ಲದಕ್ಕೂ ಇದೇ ನಿಯಮ. ತುಂಡು ಉಳಿದರೆ ಹಿಟ್ಟನ್ನು ಚುಚ್ಚಿ ಹೊರಬರುತ್ತದೆ.

ಮಾಂಸವಿಲ್ಲದವು ಅಲ್ಲಿ ದಿನನಿತ್ಯದ ಮಾತು. ರಾಜ್ಮಾ ಜಾತಿಯದೇ ಆದ ಸಣ್ಣ ಕೆಂಪು ಕಾಳನ್ನು ಬೇಯಿಸಿ ಅರೆದು ಹುರಿದದ್ದು, ಚೀಸು, ಎಳೆ ಕುಂಬಳ, ಚಿಪಿಲಿನ್ ಸೊಪ್ಪು, ಲೊರೊಕೊ. ಈ ಕೊನೆಯದನ್ನು ಹಲವರು ಸೊಪ್ಪು ಎಂದುಕೊಳ್ಳುತ್ತಾರೆ. ಅದು ಕಣಗಿಲೆಯ ಕುಟುಂಬಕ್ಕೆ ಸೇರಿದ ಒಂದು ಬಳ್ಳಿಯ ಅರಳದ ಮೊಗ್ಗು. ಚೀಸಿನ ಜೊತೆ ಅರೆದಾಗ ಅದರ ಘಮ ಎದ್ದು ಕಾಣುತ್ತದೆ. ಅಮೆರಿಕದಲ್ಲಿ ಫ್ರೀಜರಿನಲ್ಲಿಟ್ಟದ್ದು ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗ ಸಸ್ಯಾಹಾರಿಗಳು ಹೋಟೆಲಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಕಾಳನ್ನು ಹುರಿದದ್ದು ಎಣ್ಣೆಯಲ್ಲೋ ಹಂದಿಕೊಬ್ಬಿನಲ್ಲೋ? ಎರಡನೆಯದು ಹಳೆಯ ರೂಢಿ.

ಪನೀರು ಹಾಕಿದರಾಯಿತು ಎಂಬುದೂ ಕೆಲಸಕ್ಕೆ ಬಾರದ ಸಲಹೆ. ಹುಳಿ ಹಿಂಡಿ ಒಡೆಸಿದ ಹಾಲಿನ ಪನೀರು ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಸಾಲ್ವಡಾರಿನ ಕೆಸಿಯೊ ಚೀಸು ಕರಗಿ ನೂಲಿನಂತೆ ಎಳೆಯುತ್ತದೆ. ಅದಕ್ಕೆ ಹತ್ತಿರವಾದದ್ದು ನೀರಿನಂಶ ಕಡಿಮೆಯಿರುವ ಮೊಝರೆಲ್ಲಾ. ತುರಿದು, ಅಂಗೈಯಲ್ಲಿ ಒತ್ತಿ ಮುದ್ದೆ ಮಾಡಿ ಬಳಸಬೇಕು.

“ಲಟ್ಟಣಿಗೆ ಬೇಕು, ಚೀಸು ಹೊರಬಂದರೆ ಕೆಟ್ಟಿತು”

ಹೋಳಿಗೆ ಮಾಡಿ ಕೈ ಪಳಗಿದವರಿಗೆ ಅರ್ಧ ಕೆಲಸ ಗೊತ್ತಿದ್ದಂತೆ: ಕಣಕವನ್ನು ಬಟ್ಟಲಾಗಿಸಿ, ಹೂರಣವಿಟ್ಟು, ಬಾಯಿ ಮುಚ್ಚಿ ತಟ್ಟುವುದು. ವ್ಯತ್ಯಾಸವಿರುವುದು ಹಿಗ್ಗಿನಲ್ಲಿ. ಎಣ್ಣೆಯಲ್ಲಿ ನೆನೆದ ಮೈದಾ ಕಣಕ ಎಳೆದಷ್ಟೂ ಬರುತ್ತದೆ, ಮಾಸಾ ಬರುವುದಿಲ್ಲ. ಅದಕ್ಕೇ ಪುಪುಸಾ ದಪ್ಪ. ನಿಂಬೆಗಿಂತ ದೊಡ್ಡ ಉಂಡೆಗೆ ಒಂದೂವರೆ ಚಮಚ ಹೂರಣ ಸಾಕು. ಲಟ್ಟಣಿಗೆ ಆಡಿಸಿದರೆ ಒಂದೆಡೆ ತೆಳುವಾಗಿ ಹರಿಯುತ್ತದೆ. ಅಲ್ಲಿನವರು ಪಕ್ಕದಲ್ಲಿ ಎಣ್ಣೆ ಬೆರೆಸಿದ ನೀರಿನ ಬೋಗುಣಿ ಇಟ್ಟುಕೊಂಡು, ಕೈ ಅದ್ದಿ, ಎರಡು ಅಂಗೈಗಳ ನಡುವೆ ತಿರುಗಿಸುತ್ತ ತಟ್ಟುತ್ತಾರೆ. ಸಾನ್ ಸಾಲ್ವಡಾರ್ ಮೇಲಿನ ಗುಡ್ಡದ ಪ್ಲಾನೆಸ್ ದೆ ರೆಂದೆರೋಸ್‌ನಲ್ಲಿ ಸಂಜೆ ಹೊತ್ತು ಆ ಚಪ್ಪಾಳೆಯ ಸದ್ದು ಅಂಗಡಿಯಿಂದ ಅಂಗಡಿಗೆ ಕೇಳುತ್ತದೆ.

ಬೇಯಿಸುವುದಕ್ಕೆ ಕಾದ ಕಬ್ಬಿಣದ ಕಾವಲಿ, ಎಣ್ಣೆ ಸವರಿದಷ್ಟೇ. ಒಂದೊಂದು ಬದಿಗೆ ನಾಲ್ಕು ನಿಮಿಷ. ಅಂಚಿನಿಂದ ಚೀಸು ಸೋರಿ ಕಾವಲಿಗೆ ತಾಗಿ ಕಂದು ಬಣ್ಣದ ಗರಿಯಾದರೆ ಗಾಬರಿಯಾಗುವುದು ಹೊಸಬರು ಮಾತ್ರ. ಸಾಲ್ವಡಾರಿನವರು ಕೇಳಿ ಪಡೆಯುವುದೇ ಆ ಗರಿಯನ್ನು.

“ಖಾರ ಖಾರವಾಗಿರುತ್ತದೆ, ಪಕ್ಕದಲ್ಲಿರುವುದು ಸಲಾಡ್”

ಎಲ್ ಸಾಲ್ವಡಾರಿನ ಅಡುಗೆ ಖಾರದ್ದಲ್ಲ. ಪುಪುಸಾದ ಮೇಲೆ ಸುರಿಯುವ ಕೆಂಪು ಸಾಸು ತೆಳ್ಳಗಿನ, ಹದವಾದ ಟೊಮೆಟೊ ರಸ. ನಮ್ಮ ನಾಲಿಗೆಗೆ ಸಪ್ಪೆ ಎನಿಸಿದರೂ ಆಶ್ಚರ್ಯವಿಲ್ಲ. ಜೊತೆಗಿರುವ ಕುರ್ತಿದೊ ಅಲಂಕಾರಕ್ಕಿಟ್ಟ ಸಲಾಡೂ ಅಲ್ಲ. ಹೆಚ್ಚಿದ ಎಲೆಕೋಸಿಗೆ ಬಿಸಿನೀರು ಹುಯ್ದು ಬಸಿದು, ಕ್ಯಾರೆಟ್, ಈರುಳ್ಳಿ, ಓರೆಗಾನೊ, ವಿನಿಗರ್ ಬೆರೆಸಿ, ಕನಿಷ್ಠ ಒಂದು ರಾತ್ರಿ ಬಿಟ್ಟದ್ದು. ಕೆಲವರು ದಿನಗಟ್ಟಲೆ ಇಟ್ಟು ಹುಳಿ ಬರಿಸುತ್ತಾರೆ. ಚೀಸಿನ ಜಿಡ್ಡನ್ನು ಕತ್ತರಿಸುವುದು ಆ ಹುಳಿಯೇ. ಕುರ್ತಿದೊ ಇಲ್ಲದಿದ್ದರೆ ಎರಡನೇ ಪುಪುಸಾ ಗಂಟಲಲ್ಲಿ ಇಳಿಯದು, ಆದ್ದರಿಂದ ಅದನ್ನು ಹಿಂದಿನ ದಿನವೇ ಮಾಡಿಡಬೇಕು.

ತಿನ್ನುವುದು ಕೈಯಲ್ಲಿ, ಬೆಳಗಿನ ತಿಂಡಿಗೆ ಇಲ್ಲವೇ ರಾತ್ರಿಯ ಊಟಕ್ಕೆ. ಫೋರ್ಕು ಕೇಳಿದರೆ ಕೊಡುತ್ತಾರೆ, ಪಕ್ಕದ ಮೇಜಿನವರು ತಿರುಗಿ ನೋಡುತ್ತಾರೆ.