ಕೆರೆಯ ಏರಿಯೂ ಅರಸರ ಬೊಕ್ಕಸವೂ

ಕನ್ನಡನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವನ ಕೀರ್ತಿಯು ಬಹುಮಟ್ಟಿಗೆ ಪದ್ಯಕ್ಕೆ ಸೇರಿದುದು. ಕಟ್ಟಿದ ಕೆರೆಯು ಒಡೆಯದಂತೆ ಕಾಯುವವನ ಜೀವನಾಂಶವು ಗದ್ಯಕ್ಕೆ ಸೇರಿದುದು. ಸಾಹಿತ್ಯದ ತರಗತಿಗಳಲ್ಲಿ ಮೊದಲನೆಯದನ್ನು ಮಾತ್ರ ಪಾಠ ಹೇಳುವ ರೂಢಿಯುಂಟು. ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿಯು ಹಾಲೆರೆಯುತ್ತ ಮಗುವಿನ ಕಿವಿಯಲ್ಲಿ ಹೇಳುವ ಹಿತವಚನವು ಕೆರೆಯನ್ನು ಕಟ್ಟಿಸುವ ಮಾತಿನಿಂದಲೇ ಮೊದಲಾಗುವುದನ್ನು ಅರಿಯದ ಕನ್ನಡ ಉಪಾಧ್ಯಾಯರು ವಿರಳ. ಅಲ್ಲಿ ಕಟ್ಟಿಸುವ ಮಾತಿದೆ. ಒಡೆದ ಏರಿಗೆ ಮಣ್ಣು ಹಾಕಿಸುವ ಮಾತಿಲ್ಲ. ಅದು ಕವಿಯ ದೋಷವೆನ್ನಲಾಗದು. ದುರಸ್ತಿಯು ಯಾವ ದೇಶದಲ್ಲಿಯೂ ಸುಲಭವಾಗಿ ಕಾವ್ಯವಸ್ತುವಾದುದಿಲ್ಲ. ಆದರೆ ದಾನಶಾಸನಗಳ ಕೊನೆಗೆ ಬರುವ ಶ್ಲೋಕಗಳು ದಾನ ಪಾಲನೆಗಳೆರಡರಲ್ಲಿ ಪಾಲನೆಯೇ ಮೇಲೆಂದು ಬಾರಿಬಾರಿಗೂ ಸಾರುತ್ತವೆ. ಈ ಪಾಲನೆಗೆ ಹಣವು ಎಲ್ಲಿಂದ ಬರುತ್ತಿದ್ದಿತು, ನೆರೆ ಬರುವುದಕ್ಕೆ ಮುಂಚೆ ಬರುತ್ತಿದ್ದಿತೋ ಬಂದು ಹೋದ ಮೇಲೆ ಬರುತ್ತಿದ್ದಿತೋ ಎಂಬುದು ಪರಿಶೀಲನೆಗೆ ಅರ್ಹವಾದ ವಿಷಯ. ಶಾಸನಗಳ ಕಾಲದಿಂದ ಇಂದಿನ ವಿಪತ್ತು ನಿಧಿಗಳವರೆಗೆ ಈ ಒಂದು ಪ್ರಶ್ನೆಯನ್ನು ಹಿಡಿದು ನಡೆದರೆ ಹಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಹಾಸನದ ಸೀಮೆಯು ಇದಕ್ಕೆ ತಕ್ಕ ಕ್ಷೇತ್ರ. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯು ಹೇಮಾವತಿಗೂ ಕಾವೇರಿಗೂ ನಡುವೆ ಇರುವ ಬಯಲು. ಎರಡು ಹೊಳೆಗಳೂ ಮಲೆನಾಡಿನಲ್ಲಿ ಹುಟ್ಟಿ ಅಲ್ಲಿಯ ಮಳೆಯನ್ನು ಹೊತ್ತು ತರುತ್ತವೆ. ಆದುದರಿಂದ ಇಲ್ಲಿ ಮೋಡವೇ ಇಲ್ಲದ ದಿನವೂ ಹೊಳೆ ಉಕ್ಕುವುದುಂಟು. ಹೊಳೆಯಿಂದ ದೂರವಿರುವ ಊರುಗಳ ನೆರೆಯು ಬೇರೆ ಬಗೆಯದು. ಅಲ್ಲಿ ನೀರು ನುಗ್ಗುವುದು ಕೆರೆ ಒಡೆದಾಗ. ಚನ್ನರಾಯಪಟ್ಟಣದ ಕಡೆಯ ಬಯಲುಸೀಮೆಯಲ್ಲಂತೂ ನೆರೆಯೆಂದರೆ ಹೆಚ್ಚಾಗಿ ಕೆರೆಯ ನೆರೆಯೇ.

ಕೆರೆಗೆ ಏರಿ, ತೂಬು, ಕೋಡಿ ಎಂಬ ಮೂರು ಅಂಗಗಳು. ಏರಿಯು ನೀರನ್ನು ತಡೆಯುತ್ತದೆ, ತೂಬು ಬೇಕಾದಷ್ಟನ್ನು ಅಚ್ಚುಕಟ್ಟಿಗೆ ಬಿಡುತ್ತದೆ, ಕೋಡಿಯು ಹೆಚ್ಚಾದುದನ್ನು ಹೊರಗೆ ಕಳುಹಿಸುತ್ತದೆ. ನೆರೆಯ ದೃಷ್ಟಿಯಿಂದ ಮುಖ್ಯವಾದುದು ಕೋಡಿ. ಅದು ಕಟ್ಟಿಕೊಂಡರೆ, ಅಥವಾ ಹೂಳು ತುಂಬಿ ಕೆರೆಯ ಹೊಟ್ಟೆ ಕಿರಿದಾದರೆ, ನೀರು ಏರಿಯ ಮೇಲೆಯೇ ಹರಿಯುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಅದು ಬಹಳ ಹೊತ್ತು ನಿಲ್ಲುವುದಿಲ್ಲ. ಮೇಲಾಗಿ ಮೈಸೂರು ಸೀಮೆಯ ಕೆರೆಗಳು ಒಂಟಿಯಾಗಿಲ್ಲ. ಒಂದರ ಕೋಡಿಯ ನೀರು ಕೆಳಗಣ ಮತ್ತೊಂದಕ್ಕೆ ಬೀಳುವಂತೆ ಸಾಲಾಗಿ ಕಟ್ಟಲ್ಪಟ್ಟಿವೆ. ಮೇಲಣ ಊರಿನವರ ಅಲಕ್ಷ್ಯಕ್ಕೆ ಕೆಳಗಣ ಊರಿನವರು ದಂಡ ತೆರುವುದು ಹೀಗೆ.

ಈಗ ಶಾಸನಗಳ ಗದ್ಯಕ್ಕೆ ಬರಬಹುದು. ಕೆರೆಯ ಪಾಲನೆಗೆ ಬಿಟ್ಟ ಉತ್ಪತ್ತಿಗೆ ಕನ್ನಡದಲ್ಲಿ ಒಂದಲ್ಲ, ಹಲವು ಹೆಸರುಗಳಿವೆ. ಬಿತ್ತುವಟ್ಟವೆಂಬುದು ಬಹು ಹಳೆಯದು. ಕೆರೆಯನ್ನು ಕಟ್ಟಿದವನಿಗೂ ಕಾಯುವವನಿಗೂ ಅದೇ ಕೆರೆಯ ಕೆಳಗಣ ಗದ್ದೆಯಲ್ಲಿ ಅಥವಾ ಅದರ ಫಲದಲ್ಲಿ ಕೊಡುವ ಪಾಲು. ಇದನ್ನು ಬಿಟ್ಟಿ ಎಂಬ ಶಬ್ದದೊಡನೆ ಬೆರೆಸಬಾರದು. ಬಿಟ್ಟಿಯು ವಿಷ್ಟಿಯ ತದ್ಭವ, ಕೂಲಿಯಿಲ್ಲದ ದುಡಿಮೆ. ಬಿತ್ತುವಟ್ಟವು ದುಡಿಮೆಗೆ ಸಲ್ಲುವ ಪ್ರತಿಫಲ. ದಸವಂದವೆಂಬುದು ಹೆಸರೇ ಹೇಳುವಂತೆ ಹತ್ತರಲ್ಲೊಂದು ಪಾಲಿನ ಲೆಕ್ಕದಿಂದ ಬಂದುದು. ಕಟ್ಟುಕೊಡಗೆ, ಕೆರೆಗೊಡಗೆ ಎಂಬುವು ಕೊಡು ಧಾತುವಿನಿಂದ ಆದುವು. ಕೆರೆಕಟ್ಟೆಗಳನ್ನು ಕಟ್ಟಿ ಸುಸ್ಥಿತಿಯಲ್ಲಿಡುವ ಷರತ್ತಿನ ಮೇಲೆ ಲಘುವಾದ ಕಂದಾಯಕ್ಕೆ, ಅಥವಾ ಕಂದಾಯವೇ ಇಲ್ಲದೆ, ಬಿಟ್ಟುಕೊಟ್ಟ ಭೂಮಿ. ಹೂಳೆತ್ತಿ ಮಣ್ಣು ಹೊರುವ ಬಂಡಿಗಾಗಿಯೇ ಬಿಟ್ಟ ದತ್ತಿಗಳೂ ಉಂಟು. ದೇವಾಲಯಕ್ಕೆ ಖಂಡಸ್ಫುಟಿತಜೀರ್ಣೋದ್ಧಾರವೆಂದು ಹೇಳುವ ಸ್ಥಳದಲ್ಲಿ ಕೆರೆಗೆ ಈ ಶಬ್ದಗಳು ನಿಲ್ಲುತ್ತವೆ. ಲೂಯಿಸ್ ರೈಸ್ ಅವರು ೧೯೦೨ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಕರ್ಣಾಟಕ ಶಾಸನಸಂಪುಟದ ಐದನೆಯ ಭಾಗವಾಗಿ ಪ್ರಕಟಿಸಿದ ಮೇಲೆ ಈ ಸೀಮೆಯ ಭೂದಾನಗಳ ಗದ್ಯವನ್ನು ಓದುವುದು ಯಾರಿಗೂ ಕಷ್ಟವಲ್ಲ. ಓದುವವರು ಕಡಮೆ ಎಂಬುದು ಬೇರೆ ಮಾತು.

ಈ ಎಲ್ಲ ಏರ್ಪಾಡುಗಳಲ್ಲಿ ಒಂದು ಸಮಾನ ಲಕ್ಷಣವಿದೆ. ಅರಸನು ಪ್ರತಿವರ್ಷವೂ ಬೊಕ್ಕಸದಿಂದ ಹಣ ತೆಗೆದು ಕೊಡುತ್ತಿರಲಿಲ್ಲ. ತನಗೆ ಬರಬೇಕಾದ ಕಂದಾಯವನ್ನು ಮೊದಲೇ ಬಿಟ್ಟುಕೊಡುತ್ತಿದ್ದನು. ಇಂದಿನ ಲೆಕ್ಕದ ಭಾಷೆಯಲ್ಲಿ ಹೇಳಿದರೆ ಅದೂ ಸರ್ಕಾರದ ಧನಸಹಾಯವೇ. ಆದರೆ ಅದು ಒಂದು ಕೆರೆಗೆ ಕಟ್ಟಿಹಾಕಿದ ಧನ. ಮಳೆ ಬರಲಿ ಬಾರದಿರಲಿ, ಏರಿ ಒಡೆಯಲಿ ಒಡೆಯದಿರಲಿ, ಕೊಡಗೆಯ ಗದ್ದೆ ವರ್ಷವರ್ಷವೂ ಬೆಳೆಯುತ್ತಿತ್ತು. ಆ ಗದ್ದೆಯು ಕೆರೆಯ ಕೆಳಗೇ ಇದ್ದಾಗ ಏರಿಯು ಕಿತ್ತುಹೋದರೆ ಮೊದಲು ಕೊಚ್ಚಿಹೋಗುವುದು ಕೊಡಗೆದಾರನ ಬೆಳೆಯೇ. ಕಾಯುವವನ ಹಿತವನ್ನೂ ಕಾಯಬೇಕಾದ ವಸ್ತುವನ್ನೂ ಇಷ್ಟು ಬಿಗಿಯಾಗಿ ಹೊಸೆದ ಏರ್ಪಾಡು ರಾಜ್ಯಶಾಸ್ತ್ರದಲ್ಲಿ ಮೆಚ್ಚತಕ್ಕುದು. ನೀರಿನ ಹೆಚ್ಚಳವನ್ನು ಹಿಂದಿನವರು ಅರಿತಿದ್ದರೆಂಬುದಕ್ಕೆ ಕಡಪ ಸೀಮೆಯ ಪೋರುಮಾಮಿಳ್ಳದ ಶಾಸನವೊಂದೇ ಸಾಕು. ಬುಕ್ಕರಾಯನ ಮಗ ಭಾಸ್ಕರನು ೧೩೬೯ರಲ್ಲಿ ಹಾಕಿಸಿದ ಈ ಸಂಸ್ಕೃತ ಶಾಸನವು ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ನೀರು ಅತಿಯಾಗಿ ನೆಲ ಅಲ್ಪವಾಗಿರುವುದು ಆ ದೋಷಗಳಲ್ಲಿ ಒಂದು. ಕೆರೆಯ ಕೆಲಸಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನೂ ಅದು ದಾಖಲೆ ಮಾಡಿದೆ.

ಹೀಗೆಂದು ಹಳೆಯ ಕಾಲವನ್ನು ಹೊಗಳುತ್ತ ಕುಳಿತರೆ ಸತ್ಯಕ್ಕೆ ಲೋಪ ಬರುವುದು. ಕೊಡಗೆಯ ಭೂಮಿ ತಲೆತಲಾಂತರಕ್ಕೆ ಇಳಿದು ಹಂಚಿಹೋದಂತೆ ಭೂಮಿಯ ಭೋಗವು ಉಳಿದು ಕೆರೆಯ ಹೊಣೆ ಮರೆತುಹೋಗುವ ಭಯ ಸದಾ ಇದ್ದಿತು. ಏರಿಗೆ ಮಣ್ಣು ಹೊತ್ತವರಲ್ಲಿ ಬಿತ್ತುವಟ್ಟವನ್ನು ಉಂಡವರಿಗಿಂತ ಬಿಟ್ಟಿಗೆ ದುಡಿದವರು ಹೆಚ್ಚಾಗಿದ್ದಿರಬೇಕು. ಶಾಸನಗಳಲ್ಲಿ ಅವರ ಹೆಸರಿಲ್ಲ. ರಾತ್ರಿಯ ಮಳೆಯಲ್ಲಿ ಏರಿಯ ಮೇಲೆ ನಿಂತು ಕಾಯುತ್ತಿದ್ದ ನೀರಗಂಟಿಯು ಊರಿನ ಆಯಗಾರರಲ್ಲಿ ಸೇರಿದವನಾದರೂ ಮರ್ಯಾದೆಯ ಸಾಲಿನಲ್ಲಿ ಕೊನೆಯವನು. ಇದಕ್ಕಿಂತ ಮೂಲದ ಕೊರತೆಯೊಂದುಂಟು. ಒಂದು ಕೆರೆಗೆ ಕಟ್ಟಿದ ಧನವು ಆ ಒಂದು ಕೆರೆಯನ್ನೇ ನೋಡುತ್ತದೆ. ಮೇಲಣ ಕೆರೆಯ ಕೋಡಿ ಕಟ್ಟಿಕೊಂಡುದನ್ನು ಸರಿಪಡಿಸುವ ಅಧಿಕಾರವು ಕೆಳಗಣ ಊರಿನ ಕೊಡಗೆದಾರನಿಗೆ ಎಲ್ಲಿಯದು?

ಈ ಕೊರತೆಯನ್ನು ಕಂಡವರು ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು. ಮೈಸೂರಿನಲ್ಲಿ ರೆವಿನ್ಯೂ ಅಧಿಕಾರಿಗಳ ಕೈಯಲ್ಲಿದ್ದ ಮರಾಮತ್ತಿನ ಕೆಲಸವು ೧೮೫೬ರಲ್ಲಿ ಪಬ್ಲಿಕ್ ವರ್ಕ್ಸ್ ಇಲಾಖೆಗೆ ಸೇರಿತು. ಮುಂದೆ ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು ೧೮೬೬ರಲ್ಲಿ ಬರೆದ ವರದಿಯಲ್ಲಿ, ೨೭,೨೬೯ ಚದರ ಮೈಲಿಗಳ ಮೈಸೂರು ಸೀಮೆಯಲ್ಲಿ ಶೇಕಡ ೬೦ರ ಹತ್ತಿರದಷ್ಟು ನೆಲವು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದು ಲೆಕ್ಕ ಕೊಟ್ಟರು. ಇನ್ನೊಂದು ಹೊಸ ಕೆರೆಗೆ ಸ್ಥಳ ಹುಡುಕಬೇಕಾದರೆ ಜಾಣತನವೇ ಬೇಕಾದೀತೆಂಬುದು ಅವರ ಅಭಿಪ್ರಾಯ. ಕೆರೆಗಳನ್ನು ಬಿಡಿಬಿಡಿಯಾಗಿ ಅಲ್ಲದೆ ಸಾಲಾಗಿ ದುರಸ್ತು ಮಾಡಬೇಕೆಂಬ ವಿಚಾರವು ಈ ಕಾಲದಲ್ಲಿ ಬಲಗೊಂಡಿತು. ಅದು ಸರಿಯಾದ ವಿಚಾರವೇ. ಸಾಲನ್ನು ಇಡಿಯಾಗಿ ನೋಡುವ ಕಣ್ಣು ಬೊಕ್ಕಸಕ್ಕೆ ಇರಬಲ್ಲುದು, ಊರಿಗೆ ಇರಲಾರದು. ಆದರೆ ಬೊಕ್ಕಸದ ಹಣವು ಅಂದಾಜುಪಟ್ಟಿ, ಮಂಜೂರಾತಿ, ಕಂಟ್ರಾಕ್ಟು ಎಂಬ ಮೆಟ್ಟಲುಗಳನ್ನು ಹತ್ತಿ ಇಳಿದು ಬರಬೇಕು. ಸಣ್ಣ ಕೆರೆಗಳ ವಿಷಯದಲ್ಲಿ ಮಣ್ಣಿನ ಕೆಲಸ ರೈತರದು, ಕಲ್ಲುಗಾರೆಯ ಕೆಲಸ ಸರ್ಕಾರದ್ದು ಎಂಬ ಹಂಚಿಕೆಯನ್ನು ಸಂಸ್ಥಾನದವರು ಆಚರಣೆಗೆ ತಂದುದು ಈ ಎರಡು ಪದ್ಧತಿಗಳನ್ನು ಹೊಂದಿಸುವ ಯತ್ನ. ೧೯೧೧ರ ಕೆರೆ ಪಂಚಾಯಿತಿ ರೆಗ್ಯುಲೇಷನ್ನು ಅದೇ ಯತ್ನದ ಮುಂದಿನ ಹೆಜ್ಜೆ. ಕೊಡಗೆಯ ಭೂಮಿಯ ಬಲವಿಲ್ಲದೆ ಊರಿನ ಹೊಣೆಯನ್ನು ಮಾತ್ರ ಉಳಿಸಿಕೊಳ್ಳಬಹುದೆಂಬ ನಂಬಿಕೆಯು ಅದರಲ್ಲಿ ಅಡಗಿದ್ದಿತು. ಹಕ್ಕನ್ನು ತೆಗೆದುಕೊಂಡು ಹೊಣೆಯನ್ನು ಬಿಟ್ಟುಹೋಗುವ ಇಂಥ ಏರ್ಪಾಡಿಗೆ ರೈತರು ಮನಸೋಲದಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

ಹೊಳೆಯ ನೆರೆಯಾದರೋ ಇವೆಲ್ಲಕ್ಕೂ ಮೀರಿದುದು. ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿಗೆ ಶ್ರೀರಾಮದೇವರ ಅಣೆಕಟ್ಟೂ, ಅರಕಲಗೂಡು ತಾಲ್ಲೂಕಿನ ಕಟ್ಟೇಪುರದಲ್ಲಿ ಕಾವೇರಿಗೆ ಕೃಷ್ಣರಾಜನ ಕಟ್ಟೆಯೂ ಬಹುಕಾಲದಿಂದ ಇವೆ. ಅವು ನೀರನ್ನು ನಾಲೆಗೆ ತಿರುಗಿಸುವುದಕ್ಕಾಗಿ ಆದುವೇ ಹೊರತು ಪ್ರವಾಹವನ್ನು ತಡೆಯುವುದಕ್ಕಲ್ಲ. ೧೯೨೪ರ ಜುಲೈ ತಿಂಗಳಲ್ಲಿ ಕಾವೇರಿಯ ಮಹಾಪ್ರವಾಹ ಬಂದಾಗ ಕಟ್ಟೆಗಳ ಈ ಮಿತಿ ಹೊಳೆಯ ಉದ್ದಕ್ಕೂ ಕಂಡುಬಂದಿತು. ೧೯೭೯ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ೩೭ ಟಿ.ಎಂ.ಸಿ.ಗೂ ಮೇಲ್ಪಟ್ಟ ಹೇಮಾವತಿಯ ನೀರಿಗೆ ಒಂದು ತಡೆಯಾಯಿತು. ಆದರೂ ಅದು ಮುಖ್ಯವಾಗಿ ನೀರಾವರಿಯ ಕೆಲಸ. ಜಲಾಶಯ ತುಂಬಿದ ಮೇಲೆ ಬಂದ ನೀರನ್ನು ಕೆಳಕ್ಕೆ ಬಿಡದೆ ಗತಿಯಿಲ್ಲ. ಕಾವೇರಿಯ ದಡದ ರಾಮನಾಥಪುರದಲ್ಲಿ ೨೦೧೮ರಲ್ಲಿಯೂ ೨೦೧೯ರಲ್ಲಿಯೂ ಹೊಳೆಯ ನೀರು ಮನೆಗಳಿಗೆ ನುಗ್ಗಿತು.

ಸ್ವಾತಂತ್ರ್ಯಾನಂತರ ಹಳೆಯ ಏರ್ಪಾಡಿನ ಬೇರುಗಳು ಒಂದೊಂದಾಗಿ ಕಿತ್ತುಬಂದುವು. ೧೯೫೪ರ ಇನಾಂ ರದ್ದಿಯಾತಿಯ ಕಾನೂನು ಇನಾಮುಗಳನ್ನು ಕೊನೆಗಾಣಿಸಿತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿಯ ಕಾನೂನು ವಂಶಪಾರಂಪರ್ಯದ ಊರಿನ ಕೆಲಸಗಳನ್ನೂ ಅವಕ್ಕೆ ಅಂಟಿದ ಭೂಮಿಯನ್ನೂ ಬಿಡಿಸಿತು. ನ್ಯಾಯದ ದೃಷ್ಟಿಯಿಂದ ಇವು ಆಗಲೇಬೇಕಾಗಿದ್ದ ಕಾನೂನುಗಳು. ಹುಟ್ಟಿನಿಂದಲೇ ನೀರು ಕಾಯುವ ಕೆಲಸಕ್ಕೆ ಒಬ್ಬನನ್ನು ಕಟ್ಟಿಹಾಕುವುದು ಯಾರಿಗೂ ಒಪ್ಪತಕ್ಕುದಲ್ಲ. ಆದರೆ ಕೋಡಿಯ ಮುಳ್ಳನ್ನು ಮಳೆಗಾಲಕ್ಕೆ ಮುಂಚೆ ಕಡಿಯುವ ಕೈ ಯಾವುದೆಂಬ ಪ್ರಶ್ನೆಗೆ ಆ ಕಾನೂನುಗಳಲ್ಲಿ ಉತ್ತರವಿರಲಿಲ್ಲ. ಬರಬರುತ್ತ ಕರ್ಣಾಟಕದಲ್ಲಿ ೪೦ ಹೆಕ್ಟೇರಿಗಿಂತ ಕಡಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿಗಳಿಗೂ, ಅದಕ್ಕೆ ಮೇಲೆ ೨,೦೦೦ ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಗೂ ಸೇರಿದುವು.

ಶಬ್ದಗಳೂ ಬದಲಾದುವು. ಕೊಡಗೆ ಹೋಗಿ ಮರಾಮತ್ತು ಬಂದಿತು. ಮರಾಮತ್ತು ಹೋಗಿ ಪರಿಹಾರ ಬಂದಿತು. ಪರಿಹಾರವೆಂದರೆ ನಷ್ಟವಾದ ಮೇಲೆ ಕೊಡುವುದು. ೨೦೦೫ರ ವಿಪತ್ತು ನಿರ್ವಹಣಾ ಕಾನೂನಿನ ಮೇರೆಗೆ ಏರ್ಪಟ್ಟ ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ಕರ್ಣಾಟಕದಂಥ ರಾಜ್ಯಗಳಿಗೆ ಕೇಂದ್ರದ ಪಾಲು ನಾಲ್ಕರಲ್ಲಿ ಮೂರು, ರಾಜ್ಯದ್ದು ಒಂದು. ೨೦೧೫ರಿಂದ ೨೦೨೦ರ ಅವಧಿಯ ನಿಯಮದಂತೆ ಕೆಟ್ಟುಹೋದ ಒಂದು ಸಣ್ಣ ನೀರಾವರಿ ಕೆಲಸದ ದುರಸ್ತಿಗೆ ಅದರಿಂದ ಸಲ್ಲುತ್ತಿದ್ದುದು ಹೆಚ್ಚೆಂದರೆ ಒಂದೂವರೆ ಲಕ್ಷ ರೂಪಾಯಿ. ೨೦೧೯ರ ಪ್ರವಾಹದ ನಷ್ಟವನ್ನು ರಾಜ್ಯ ಸರ್ಕಾರವು ಸುಮಾರು ೩೫ ಸಾವಿರ ಕೋಟಿ ರೂಪಾಯಿಗಳೆಂದು ಅಂದಾಜು ಮಾಡಿತು. ಆ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದಿಂದ ಬಂದ ಮಧ್ಯಂತರ ನೆರವು ೧,೨೦೦ ಕೋಟಿ. ಕೊಟ್ಟವರೂ ಬೇಡಿದವರೂ ಮಾತಾಡಿದುದು ಆಗಿಹೋದ ಹಾನಿಯನ್ನು ಕುರಿತೇ. ಹತ್ತು ಆಳುಗಳು ಒಂದು ದಿನ ಕೋಡಿಯನ್ನು ಬಿಡಿಸಿದ್ದರೆ ಉಳಿಯಬಹುದಾಗಿದ್ದ ಏರಿಯು ಅಂಥ ಲೆಕ್ಕಗಳಲ್ಲಿ ಕಾಣಿಸಿಕೊಳ್ಳುವುದು ಒಡೆದ ಮೇಲೆಯೇ.

೧೫ನೆಯ ಹಣಕಾಸು ಆಯೋಗವು ಈ ಕ್ರಮವನ್ನು ತುಸು ತಿರುಗಿಸಿತು. ೨೦೨೧ರಿಂದ ೨೦೨೬ರವರೆಗಿನ ಐದು ವರ್ಷಗಳಿಗೆ ಎಲ್ಲ ರಾಜ್ಯಗಳಿಗೂ ಸೇರಿ ಗೊತ್ತುಮಾಡಿದ ೧,೬೦,೧೫೩ ಕೋಟಿ ರೂಪಾಯಿಗಳಲ್ಲಿ ಐದನೆಯ ಒಂದು ಭಾಗವನ್ನು, ಎಂದರೆ ೩೨ ಸಾವಿರ ಕೋಟಿಗೆ ಸ್ವಲ್ಪ ಮೇಲೆ, ವಿಪತ್ತಿನ ಉಪಶಮನಕ್ಕೆಂದು ಬೇರೆಯಾಗಿ ತೆಗೆದಿರಿಸಿತು. ಉಪಶಮನವೆಂದರೆ ಹಾನಿಗೆ ಮುಂಚೆ ಮಾಡುವ ಕೆಲಸ. ಬಿತ್ತುವಟ್ಟವು ಲುಪ್ತವಾದ ಮೇಲೆ ನೆರೆ ಬರುವುದಕ್ಕೆ ಮೊದಲೇ ಹಣ ಕೊಡುವ ತತ್ವವು ವಿಪತ್ತಿನ ಧನದಲ್ಲಿ ಇಷ್ಟು ಸ್ಪಷ್ಟವಾಗಿ ಮರಳಿ ಬಂದುದು ಗಮನಾರ್ಹ. ಆಯೋಗವು ಇದಕ್ಕೆ ಒಂದು ಎಲ್ಲೆಯನ್ನೂ ಹಾಕಿದೆ: ಈ ನಿಧಿಯು ಸ್ಥಳೀಯವಾದ, ಜನಸಮುದಾಯದವರೇ ಕೈಗೊಳ್ಳಬಹುದಾದ ಕೆಲಸಗಳಿಗೆ ಮಾತ್ರ, ಪ್ರವಾಹವನ್ನು ತಡೆಯುವ ದೊಡ್ಡ ಒಡ್ಡುಗಳಿಗೂ ಕಡಲ ದಡದ ಗೋಡೆಗಳಿಗೂ ಸರ್ಕಾರಗಳು ತಮ್ಮ ಅಭಿವೃದ್ಧಿ ಯೋಜನೆಗಳಿಂದಲೇ ಹಣ ಒದಗಿಸಬೇಕು. ಈ ಎಲ್ಲೆಯು ಒಂದು ಬಗೆಯಲ್ಲಿ ಮೈಸೂರಿನವರ ಮಣ್ಣು ಕಲ್ಲುಗಳ ಹಂಚಿಕೆಯನ್ನು ನೆನಪಿಗೆ ತರುತ್ತದೆ. ಅದರಂತೆ ನೋಡಿದರೆ ರಾಮನಾಥಪುರದ ಹೊಳೆದಂಡೆಗೆ ಬೇಕಾದ ಗೋಡೆಯು ಒಂದು ಲೆಕ್ಕಕ್ಕೆ, ಹಳ್ಳಿಮೈಸೂರಿನಂಥ ಹೋಬಳಿಯ ಕೆರೆಯ ಕೋಡಿಯು ಇನ್ನೊಂದು ಲೆಕ್ಕಕ್ಕೆ ಸೇರತಕ್ಕುವು. ಮೊದಲನೆಯದಕ್ಕೆ ಎಂಜಿನಿಯರನ ನಕಾಶೆ ಬೇಕು. ಎರಡನೆಯದಕ್ಕೆ ಮುಖ್ಯವಾಗಿ ಬೇಕಾದುದು ಮುಂಗಾರಿಗೆ ಮೊದಲು ಪ್ರತಿವರ್ಷವೂ ತಪ್ಪದೆ ಕೈಸೇರುವ ಸಣ್ಣ ಮೊತ್ತ, ಮತ್ತು ಅದನ್ನು ಕೂಲಿಯಾಗಿ ಪಡೆದು ಏರಿಯ ಮೇಲೆ ನಿಲ್ಲುವ ಒಬ್ಬ ನೀರಗಂಟಿ.