ಪೊಲೀಸ್ ಠಾಣೆ ಮತ್ತು ನಾಗರಿಕರ ವಿಶ್ವಾಸ

ಹುಬ್ಬಳ್ಳಿಯಿಂದ ಮುಂಬಯಿಗೆ ಹೊರಟ ಪ್ರಯಾಣಿಕನೊಬ್ಬನ ಆಭರಣದ ಪೆಟ್ಟಿಗೆ ರಾತ್ರಿಯ ರೈಲಿನಲ್ಲಿ ಕಳುವಾಯಿತೆಂದು ಭಾವಿಸೋಣ. ಕಳವು ಯಾವ ಊರಿನ ಬಳಿ ನಡೆಯಿತೆಂಬುದು ಅವನಿಗೆ ತಿಳಿಯದು. ಇಳಿದ ಊರಿನ ಠಾಣೆಯಲ್ಲಿ "ಇದು ನಮ್ಮ ಸರಹದ್ದಿಗೆ ಸೇರಿದ್ದಲ್ಲ" ಎಂಬ ಉತ್ತರ ದೊರೆತರೆ, ಪೆಟ್ಟಿಗೆಯೊಡನೆ ಕಾನೂನಿನ ಮೇಲಿನ ನಂಬಿಕೆಯನ್ನೂ ಅವನು ಕಳೆದುಕೊಳ್ಳುತ್ತಾನೆ.

ನಮ್ಮ ಪೊಲೀಸ್ ವ್ಯವಸ್ಥೆಗೆ ತಳಹದಿಯಾದ 1861ರ ಪೊಲೀಸ್ ಕಾಯಿದೆಯು 1857ರ ಬಂಡಾಯದ ತರುವಾಯ ಪರಕೀಯ ಆಡಳಿತದಲ್ಲಿ ರೂಪುಗೊಂಡಿತು. ಪ್ರಜೆಗಳನ್ನು ಹತೋಟಿಯಲ್ಲಿಡುವುದೇ ಅಂದಿನ ಮುಖ್ಯ ಉದ್ದೇಶವಾಗಿತ್ತು. ಪ್ರಜಾಪ್ರಭುತ್ವದಲ್ಲಾದರೋ ಪೊಲೀಸರು ಜನತೆಯ ಸೇವಕರು. ಜನರು ಸುಳಿವು ನೀಡದೆ, ಸಾಕ್ಷ್ಯ ನುಡಿಯದೆ ಯಾವ ತನಿಖೆಯೂ ಸಫಲವಾಗದು. ಆ ಸಹಕಾರಕ್ಕೆ ವಿಶ್ವಾಸವೇ ಮೂಲ. ವಿಶ್ವಾಸ ಮೊಳೆಯುವುದು ದೂರು ಸ್ವೀಕರಿಸುವ ರೀತಿಯಲ್ಲಿ.

ಸಂಜ್ಞೇಯ ಅಪರಾಧ ನಡೆದಿರುವುದು ಮಾಹಿತಿಯಿಂದ ಕಂಡುಬಂದರೆ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪಿತ್ತಿತು. ಕೆಲವು ಬಗೆಯ ಪ್ರಕರಣಗಳಲ್ಲಿ ಮಾತ್ರ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ನೀಡಬಹುದು. ಬಾಯಿಮಾತಿನ ದೂರನ್ನು ಬರೆದುಕೊಂಡು, ಓದಿ ಹೇಳಿ, ದೂರುದಾರರ ಸಹಿ ಪಡೆಯತಕ್ಕದ್ದು. ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು. ಠಾಣೆಯವರು ನಿರಾಕರಿಸಿದಲ್ಲಿ ಪೊಲೀಸ್ ಸೂಪರಿಂಟೆಂಡೆಂಟರಿಗೆ ಲಿಖಿತವಾಗಿ ಅಂಚೆಯ ಮೂಲಕ ತಿಳಿಸಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ನೊಂದವರಿಗೆ ತಿಳಿಸುವುದೂ ಪೊಲೀಸರ ಹೊಣೆ.

ಬಂಧಿತರ ವಿಷಯದಲ್ಲಿಯೂ ಕಾನೂನಿನ ಮಿತಿಗಳಿವೆ. ಡಿ. ಕೆ. ಬಸು ಪ್ರಕರಣದ 1996ರ ತೀರ್ಪಿನಂತೆ, ಬಂಧಿಸುವ ಸಿಬ್ಬಂದಿ ಸ್ಪಷ್ಟವಾದ ಹೆಸರುಪಟ್ಟಿ ಧರಿಸಿರಬೇಕು, ಬಂಧನದ ದಾಖಲೆಗೆ ಸಾಕ್ಷಿಯ ಸಹಿ ಇರಬೇಕು, ಬಂಧುಮಿತ್ರರಿಗೆ ವಿಷಯ ತಿಳಿಸಬೇಕು.

ಇಂತಹ ಶಿಸ್ತನ್ನು ಪಾಲಿಸಲು ಪೊಲೀಸರಿಗೂ ನಿರ್ಭೀತ ವಾತಾವರಣ ಅಗತ್ಯ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ನ್ಯಾಯಾಲಯವು ಪ್ರಮುಖ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷಗಳ ಸೇವಾವಧಿಯನ್ನೂ, ಪೊಲೀಸರ ವಿರುದ್ಧದ ದೂರುಗಳಿಗೆ ಪ್ರತ್ಯೇಕ ಪ್ರಾಧಿಕಾರಗಳನ್ನೂ ವಿಧಿಸಿದುದು ಈ ಉದ್ದೇಶದಿಂದಲೇ.

ನಾಗರಿಕರ ಕರ್ತವ್ಯವೂ ಇಲ್ಲಿದೆ: ಸತ್ಯವಾದ ದೂರನ್ನು ತಡಮಾಡದೆ ನೀಡುವುದು, ಓದಿ ತಿಳಿದ ಮೇಲೆಯೇ ಸಹಿ ಮಾಡುವುದು, ಪ್ರತಿಯನ್ನು ಕೇಳಿ ಪಡೆಯುವುದು. ಅಂಜಿಕೆಯಿಲ್ಲದೆ ಠಾಣೆಯ ಮೆಟ್ಟಿಲೇರಿದ ಬಡವನು ದೂರಿನ ಪ್ರತಿಯೊಡನೆ ಹಿಂದಿರುಗಿದ ದಿನವೇ ಕಾನೂನು ಅವನದಾಗುತ್ತದೆ.