ವಿಡಿಯೋ ನೋಡಿದರೆ ಆಪರೇಷನ್ ಕಲಿಯಬಹುದೇ?

"ಈಗಿನ ಡಾಕ್ಟರ್‌ಗಳು ಕಂಪ್ಯೂಟರ್ ನೋಡಿಕೊಂಡೇ ಆಪರೇಷನ್ ಕಲಿಯುತ್ತಾರೆ" ಎಂದು ಹೆದರಿಸುವ ಮಾತು ಒಂದು ಕಡೆ. "ಈ ಒಂದು ನಿಮಿಷದ ವಿಡಿಯೋ ನೋಡಿ, ಜೀವ ಉಳಿಸಿ" ಎನ್ನುವ ಫಾರ್ವರ್ಡ್ ಇನ್ನೊಂದು ಕಡೆ. ಇವುಗಳಲ್ಲಿ ನಿಜ ಎಷ್ಟು? ನೋಡೋಣ.

ನೋಡಿದರೆ ಬಂದಂತೆಯೇ?

ಇಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ 'ಮೂನ್‌ವಾಕ್' ನೃತ್ಯದ ವಿಡಿಯೋವನ್ನು ಒಂದು ಸಲ, ಇನ್ನು ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರಿಗೆ "ನನಗೂ ಬರುತ್ತದೆ" ಎಂಬ ನಂಬಿಕೆ ಹೆಚ್ಚಿತು. ಕುಣಿಯಲು ಹೇಳಿದಾಗ ಮಾತ್ರ ಇಬ್ಬರದೂ ಒಂದೇ ಕಥೆ! ನೋಡುವುದರಿಂದ ಬೆಳೆದದ್ದು ಧೈರ್ಯ, ಕೌಶಲವಲ್ಲ.

ಹಾಗಾದರೆ ಕಂಪ್ಯೂಟರ್ ತರಬೇತಿ ದಂಡವೇ?

ಅದೂ ಅಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ತರಬೇತಿಯಲ್ಲಿದ್ದ 16 ವೈದ್ಯರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿ ಮಾಮೂಲಿ ತರಬೇತಿಯ ಜೊತೆಗೆ ಸಿಮ್ಯುಲೇಟರ್‌ನಲ್ಲೂ ಅಭ್ಯಾಸ ಮಾಡಿದರು. ಅದರ ಪರದೆಯಲ್ಲಿ ರಕ್ತ, ಅಂಗಾಂಗ ಏನೂ ಇಲ್ಲ, ಸರಳ ಆಕಾರಗಳಷ್ಟೇ. ಆದರೆ ನುರಿತ ಸರ್ಜನ್‌ಗಳ ಮಟ್ಟ ಮುಟ್ಟುವವರೆಗೆ ಬಿಡುವಂತಿರಲಿಲ್ಲ. ಆಮೇಲೆ ಹಿರಿಯ ಸರ್ಜನ್ ಜೊತೆಯಲ್ಲಿ ರೋಗಿಗಳಿಗೆ ಪಿತ್ತಕೋಶದ ಲ್ಯಾಪ್ರೋಸ್ಕೋಪಿ ಮಾಡಿದಾಗ, ಸಿಮ್ಯುಲೇಟರ್ ಗುಂಪಿನವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ. 29ರಷ್ಟು ಬೇಗ ಮುಗಿಸಿದರು. ಉಳಿದವರ ತಪ್ಪುಗಳು ಸರಾಸರಿ ಇವರದಕ್ಕಿಂತ ಸುಮಾರು ಆರು ಪಟ್ಟು ಹೆಚ್ಚಿದ್ದವು.

ಅಂದರೆ ಚಿತ್ರ ಎಷ್ಟು ನೈಜವಾಗಿದೆ ಎನ್ನುವುದಕ್ಕಿಂತ, ಕೈ ಕೆಲಸ ಮಾಡಿತೇ, ತಪ್ಪು ತಿಳಿಯಿತೇ ಎನ್ನುವುದೇ ಮುಖ್ಯ.

ಒಳ್ಳೆಯ ವಿಡಿಯೋ ಗುರುತಿಸುವುದು ಹೇಗೆ?

ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದ್ದಾರೆ. ವಿಷಯಕ್ಕೆ ಸಂಬಂಧವಿಲ್ಲದ ಹಿನ್ನೆಲೆ ಸಂಗೀತ, ಅಲಂಕಾರ ಕಲಿಕೆಗೆ ಅಡ್ಡಿ. ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದು, ಮುಖ್ಯವಾದದ್ದನ್ನು ಬೊಟ್ಟು ಮಾಡಿ ತೋರಿಸಿದರೆ ತಲೆಗೆ ಹತ್ತುತ್ತದೆ.

ನಮಗೇಕೆ ಇದು?

ಸಿಪಿಆರ್ ವಿಡಿಯೋ ನಿಮ್ಮ ಮೊಬೈಲ್‌ನಲ್ಲೂ ಇರಬಹುದು. ವಯಸ್ಕರಿಗಾದರೆ ಎದೆಯ ಮಧ್ಯಭಾಗವನ್ನು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. 5 ಸೆಂ.ಮೀ. ಎಂದರೆ ಎಷ್ಟು ಬಲ ಬೇಕು ಎಂಬುದು ಕಣ್ಣಿಗೆ ತಿಳಿಯದು, ಕೈಗೇ ತಿಳಿಯಬೇಕು. ಅದಕ್ಕೇ ತರಬೇತಿಯಲ್ಲಿ ಬೊಂಬೆ ಬಳಸುತ್ತಾರೆ.

ಹಾಗೆಂದು ತರಬೇತಿ ಇಲ್ಲವೆಂದು ಕೈಕಟ್ಟಿ ನಿಲ್ಲಬೇಡಿ. ಕುಸಿದುಬಿದ್ದವರಿಗೆ ಎಚ್ಚರವಿಲ್ಲದೆ, ಉಸಿರಾಟವೂ ಸರಿಯಾಗಿ ಇಲ್ಲದಿದ್ದರೆ 112 ಅಥವಾ 108ಕ್ಕೆ ಕರೆ ಮಾಡಿ, ಎದೆ ಒತ್ತಲು ಶುರು ಮಾಡಿ. ಆದರೆ ಅವಕಾಶ ಸಿಕ್ಕಾಗ ಒಮ್ಮೆ ಬೊಂಬೆಯ ಮೇಲೆ ಕೈಯಾರೆ ಕಲಿಯಿರಿ. ವಿಡಿಯೋ ಫಾರ್ವರ್ಡ್ ಮಾಡುವಾಗ ಈ ಮಾತನ್ನೂ ಸೇರಿಸಿ.